ಫೀಸಿನಾಚೆಯ ಖರ್ಚು

ಮಕ್ಕಳ ಉನ್ನತ ವ್ಯಾಸಂಗದ ಮಾತು ಬಂದಾಗ ನಮ್ಮ ಕಡೆ ಮೊದಲು ಕೇಳುವುದು "ಫೀಸು ಎಷ್ಟು?" ಎಂದು. ಅದಕ್ಕೆ ಉತ್ತರ ಸುಲಭ, ರಸೀದಿಯಲ್ಲೇ ಬರೆದಿರುತ್ತದೆ. "ಅಲ್ಲಿ ಇರೋದಕ್ಕೆ ಎಷ್ಟಾಗುತ್ತೆ?" ಎಂದು ಕೇಳುವವರು ಕಡಿಮೆ. ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದ ಮಕ್ಕಳನ್ನು ವಿಚಾರಿಸಿ ನೋಡಿ. ನಮಗೆ ಗೊತ್ತಿರುವ ಹಲವರ ಕೈ ಕಟ್ಟಿಹಾಕಿದ್ದು ಫೀಸಲ್ಲ. ಬಾಡಿಗೆ ಮತ್ತು ಊಟ.

ನಮ್ಮದು ಮೂರು ಊರುಗಳಲ್ಲಿ ಹಂಚಿಹೋದ ಕುಟುಂಬ. ಅಣ್ಣ ಕಡೂರಿನಲ್ಲಿ, ನಾವು ತರೀಕೆರೆಯಲ್ಲಿ, ತಂಗಿ ಅಜ್ಜಂಪುರದಲ್ಲಿ. ಅಣ್ಣನ ಮಗ ಪಿಯುಸಿ ಮುಗಿಸಿ, ಬಿ.ಕಾಂ. ಓದಲು ಬೆಂಗಳೂರಿಗೇ ಹೋಗುತ್ತೇನೆಂದ. ತಂಗಿಯ ಮಗಳು ಬಿ.ಎಸ್ಸಿ. ಮುಗಿಸಿ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದಳು. ಇಬ್ಬರ ಓದಿಗೂ ಮೂರೂ ಮನೆಯವರು ಕೈಜೋಡಿಸುವುದೆಂದು ಮಾತಾಗಿತ್ತು. ಆದರೆ ದುಡ್ಡು ಇಬ್ಬರನ್ನೂ ದೂರ ಕಳಿಸುವಷ್ಟಿರಲಿಲ್ಲ.

ಬೆಂಗಳೂರು ನಮಗೆ ಹತ್ತಿರದ ಊರಿನಂತೆ ಕಾಣಲು ರೈಲೇ ಕಾರಣ. ಕಡೂರು, ಅಜ್ಜಂಪುರ ಎರಡೂ ಬೆಂಗಳೂರು-ಹುಬ್ಬಳ್ಳಿ ಮಾರ್ಗದಲ್ಲಿವೆ. ತರೀಕೆರೆ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆಯುವ ಮಾರ್ಗದಲ್ಲಿದೆ. ರೈಲಿನ ಟಿಕೆಟ್ ಅಗ್ಗ. ಇಳಿದ ಮೇಲಿನ ಬದುಕು ದುಬಾರಿ. ನಾವು ವಿಚಾರಿಸಿದ ಪಿ.ಜಿ.ಯಲ್ಲಿ ತಿಂಗಳಿಗೆ 8,000 ರೂಪಾಯಿ, ಜೊತೆಗೆ ಮುಂಗಡ. ಸಿಟಿ ಬಸ್ಸು, ಭಾನುವಾರದ ಊಟ, ಔಷಧಿ, ಹಬ್ಬಕ್ಕೆ ಊರಿಗೆ ಬಂದು ಹೋಗುವ ಖರ್ಚು ಬೇರೆ.

ಇನ್ನೊಂದು ತೊಡಕನ್ನು ಸಂಬಳದಾರರು ಅಷ್ಟಾಗಿ ಅರಿಯರು. ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ, ಯಾವುದೂ ತಿಂಗಳ ಸಂಬಳವಲ್ಲ. ಬೆಳೆ ಬಂದಾಗ ದುಡ್ಡು, ಅದೂ ಆ ದಿನದ ಧಾರಣೆಯ ಕೃಪೆಯಿಂದ. ಬಾಡಿಗೆ ಮಾತ್ರ ಪ್ರತಿ ತಿಂಗಳು ಐದನೇ ತಾರೀಕಿಗೆ ಬಂದು ನಿಲ್ಲುತ್ತದೆ. ಈ ಎರಡರ ನಡುವಿನ ಅಂತರವನ್ನು ಕೈಸಾಲ ತುಂಬಬೇಕು, ಸಾಲಕ್ಕೆ ಬಡ್ಡಿ ಸೇರಬೇಕು. ವರ್ಷದ ಒಟ್ಟು ಲೆಕ್ಕ ಸರಿಹೊಂದಿದರೂ ಜುಲೈ ತಿಂಗಳ ಲೆಕ್ಕ ಸರಿಹೊಂದದಿರಬಹುದು.

ಅವಳ ಓದಿಗೆ ಹತ್ತಿರವಿದ್ದುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ. 1987ರಲ್ಲಿ ಅದು ಸ್ಥಾಪನೆಯಾಗುವವರೆಗೆ ನಮ್ಮ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಹಿರಿಯರೊಬ್ಬರು, "ಹುಡುಗಿ ಮನೆಯಿಂದಲೇ ಓಡಾಡಲಿ, ಬಸ್ಸು ಹೇಗೂ ಫ್ರೀ" ಎಂದರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಉಳಿದದ್ದು ನಿಜ, ಅದು ಸಣ್ಣ ಉಪಕಾರವಲ್ಲ. ಆದರೆ ಅದು ಖಾಸಗಿ ಬಸ್ಸಿಗೆ ಅನ್ವಯಿಸುವುದಿಲ್ಲ. ಅಜ್ಜಂಪುರದಿಂದ ತರೀಕೆರೆಗೆ ಒಂದು ಬಸ್ಸು, ಮುಂದಕ್ಕೆ ಮತ್ತೊಂದು. ಕಾಯುವುದೂ ಸೇರಿ ದಿನಕ್ಕೆ ನಾಲ್ಕು ಗಂಟೆ. ಸಂಜೆ ಪ್ರಯೋಗಾಲಯದ ತರಗತಿ ತಡವಾದರೆ ಮನೆಯವರ ಆತಂಕ ಬೇರೆ.

"ಮಾಮೂ, ಬಸ್ಸಿಗೆ ದುಡ್ಡು ಬೇಡ, ಸರಿ. ಓದೋಕೆ ಹೊತ್ತೆಲ್ಲಿ?" ಎಂದಳು. ನಾವು ಬರೆದಿಟ್ಟಿದ್ದ ಖರ್ಚಿನ ಪಟ್ಟಿಯ ಕೆಳಗೆ ತಾನೇ "ಗಂಟೆ" ಎಂದು ಇನ್ನೊಂದು ಸಾಲು ಸೇರಿಸಿದಳು. ಆ ಸಾಲು ಸೇರಿದೊಡನೆ ಅಗ್ಗ ಯಾವುದು, ದುಬಾರಿ ಯಾವುದು ಎಂಬುದೇ ಬದಲಾಯಿತು.

ಮೂರೂ ಮನೆಯವರು ಮತ್ತೆ ಕೂತೆವು. ಬಿ.ಕಾಂ. ಕಡೂರಿನ ಸರ್ಕಾರಿ ಕಾಲೇಜಿನಲ್ಲೇ ಇದೆ. ಮನೆಯ ಊಟ ಉಂಡು, ನಡೆದು ಹೋಗಿ ಓದಬಹುದು. ಎಂ.ಎಸ್ಸಿ. ಮನೆ ಬಾಗಿಲಲ್ಲಿಲ್ಲ. ಹಾಗಾದರೆ ಹೊರಗಿಡುವ ಖರ್ಚು ಯಾರಿಗೆ ಸಲ್ಲಬೇಕು? ಹುಡುಗನಿಗೆ ಬೇಸರವಾಯಿತು, ಅತ್ತಿಗೆಗೆ ಇನ್ನೂ ಹೆಚ್ಚು. ಅಣ್ಣನೇ ಕೊನೆಗೆ, "ಇವನು ಎಂ.ಕಾಂ.ಗೆ ಹೋಗಲಿ ಬೆಂಗಳೂರಿಗೆ. ಈಗ ಅವಳು ಹಾಸ್ಟೆಲ್‌ನಲ್ಲಿರಲಿ" ಎಂದ. ಶಂಕರಘಟ್ಟದ ಹಾಸ್ಟೆಲ್ ಖರ್ಚನ್ನು ಮೂರು ಪಾಲು ಮಾಡಿಕೊಂಡೆವು.

ಹುಡುಗನಾದರೆ ಸಾಲ ಮಾಡಿ ಮಹಾನಗರಕ್ಕೆ ಕಳಿಸುವ ನಾವೇ, ಹುಡುಗಿಯಾದರೆ "ಖರ್ಚು" ಎಂಬ ಮಾತನ್ನು ಮುಂದಿಡುತ್ತೇವೆ. ಎಷ್ಟೋ ಸಲ ಅದು ಲೆಕ್ಕವಲ್ಲ, ನೆಪ. ಪ್ರಾಮಾಣಿಕವಾಗಿ ಲೆಕ್ಕ ಬರೆದರೆ ನೆಪ ಉಳಿಯುವುದಿಲ್ಲ.

ಸರ್ಕಾರದ ನೆರವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯನ್ನು ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವಂತೆ ರೂಪಿಸಲಾಗಿತ್ತು. ಪಿ.ಜಿ. ಬಾಡಿಗೆಯ ಮುಂದೆ ಇದು ಚಿಕ್ಕ ಮೊತ್ತ; ಸಣ್ಣ ಊರಿನ ಹಂಚಿಕೆಯ ಕೋಣೆಗೆ ದೊಡ್ಡ ಆಸರೆ. ಇಂಥ ನೆರವು ಬ್ಯಾಂಕ್ ಖಾತೆಗೆ ಬರುವುದು ತಡವಾಗಬಹುದು. ಆದ್ದರಿಂದ ಅದನ್ನೇ ನಂಬಿ ಮೊದಲ ತಿಂಗಳ ಬಾಡಿಗೆಗೆ ಒಪ್ಪಿಕೊಳ್ಳುವುದು ಬೇಡ.

ಸೀಟು ಸಿಕ್ಕ ಮೇಲೆ ವಸತಿ ಹುಡುಕುವುದು ನಮ್ಮ ರೂಢಿ. ಅದನ್ನು ಬದಲಿಸೋಣ. ಸೀಟಿಗೆ ಅರ್ಜಿ ಹಾಕುವ ವಾರವೇ ಹಾಸ್ಟೆಲ್ ಅರ್ಜಿಯ ಕೊನೆಯ ದಿನವನ್ನೂ ವಿಚಾರಿಸಿ, ಖರ್ಚನ್ನು ತಿಂಗಳ ಪ್ರಕಾರ ಬರೆಯೋಣ. ಹಾಗೆ ಬರೆಯುವಾಗ ಓದಬೇಕಾದ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ನಮಗೆ ಕಾಣದ ಸಾಲೊಂದು ಅವರಿಗೆ ಕಂಡೀತು.