ದೇಶನೂರಿನ ಹಿತ್ತಾಳೆಯ ಡ್ರಮ್ಮು

ಬಳ್ಳಾರಿಯಿಂದ ಸಿರುಗುಪ್ಪದ ಮಾರ್ಗವಾಗಿ ಉತ್ತರಕ್ಕೆ ಪ್ರಯಾಣಮಾಡುವವರಿಗೆ ಮೊದಲು ಕಾಣುವುದು ಕರಿಯ ಬಂಡೆಗಳ ಗುಡ್ಡಗಳು. ತೆಕ್ಕಲಕೋಟೆಯನ್ನು ದಾಟಿ ಮುಂದುವರಿದಂತೆ ನೆಲದ ಬಣ್ಣವೇ ಬದಲಾಗಿ, ಎತ್ತ ನೋಡಿದರೂ ಕಾಲುವೆಯ ನೀರು, ಬತ್ತದ ಗದ್ದೆ. ಸುಮಾರು 55 ಕಿಲೋಮೀಟರು ಕಳೆದರೆ ತುಂಗಭದ್ರೆಯ ಸೀಮೆಯ ಸಿರುಗುಪ್ಪ. ಅದರ ನೆರೆಯ ಊರೇ ದೇಶನೂರು. ಊರು ಸಣ್ಣದಾದರೂ ಹೆಸರು ಹಳೆಯದು. ವಿಜಯನಗರದ ಅರಸರ ಕಾಲದಿಂದ ನಡೆದುಬಂದ ಕಾಲುವೆಗಳ ಸಾಲಿನಲ್ಲಿ ಸಿರುಗುಪ್ಪದ ಕಾಲುವೆಯೊಡನೆ ದೇಶನೂರಿನ ಕಾಲುವೆಯನ್ನೂ ಎಣಿಸುವರು.

ಈ ಸೀಮೆಯು 1800ರಲ್ಲಿ ನಿಜಾಮನ ಕೈಯಿಂದ ಇಂಗ್ಲಿಷರ ಕೈಗೆ ಬಂದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೂ ಮದರಾಸಿನ ಆಡಳಿತದಲ್ಲಿತ್ತು. ಬಳ್ಳಾರಿಯಲ್ಲಿ ಇಂಗ್ಲಿಷರ ದಂಡು ಇದ್ದುದನ್ನು ವಾಚಕರು ಬಲ್ಲರು. ದಂಡಿದ್ದಲ್ಲಿ ಬ್ಯಾಂಡು ಉಂಟು. ಆ ದಂಡಿನ ವಾದ್ಯವು ನಮ್ಮ ದೇಶದಲ್ಲಿ ಕಾಲಕ್ರಮದಿಂದ ಮದುವೆಯ ಮೆರವಣಿಗೆಗೂ ಜಾತ್ರೆಗೂ ಇಳಿದುಬಂದು, ಹಲಗೆ ತಾಷೆಗಳ ಪಕ್ಕದಲ್ಲಿ ನಿಂತಿತು.

ಕಳೆದ ಮಾಘಮಾಸದಲ್ಲಿ ನಾವು ಈ ಊರಿಗೆ ಹೋಗಬೇಕಾಯಿತು. ಹಿಂದೆ ನಮ್ಮಲ್ಲಿ ಓದಿದ ಗೃಹಸ್ಥರೊಬ್ಬರು, ತಮಗೂ ತಮ್ಮನಿಗೂ ಪಾಲಾಗುವ ದಿನ ಹಿರಿಯರೊಬ್ಬರು ಎದುರಿಗಿರಲೆಂದು ಬರಮಾಡಿಕೊಂಡಿದ್ದರು. ಹೊಲಮನೆಗಳ ವಿಚಾರವು ನಿರ್ವಿಘ್ನವಾಗಿ ಮುಗಿಯಿತು. ಬಳಿಕ ಪಡಸಾಲೆಯಲ್ಲಿ ಹಂಡೆ, ಕೊಪ್ಪರಿಗೆ, ಕೊಡ, ತಂಬಿಗೆಗಳನ್ನು ರಾಶಿಹಾಕಿ, ತೂಗಿ ಹಂಚುವುದಕ್ಕೆ ತಕ್ಕಡಿಯನ್ನು ತಂದರು. ಆ ರಾಶಿಯ ನಡುವೆ ಕಿಲುಬು ಹಿಡಿದ ಡ್ರಮ್ಮೊಂದು ಬಿದ್ದಿತ್ತು. ಅವರ ತಂದೆಯವರು ಬ್ಯಾಂಡಿನಲ್ಲಿ ಬಾರಿಸುತ್ತಿದ್ದ ವಾದ್ಯವದು.

“ಗುರುಗಳೇ, ಇದೂ ಹಿತ್ತಾಳೇನ ಐತಲ್ಲ, ತೂಕಕ್ಕ ಹಾಕಿಬಿಡ್ತೀವಿ” ಎಂದರು ಅಣ್ಣನವರು. ತಮ್ಮನು ಬಾಯಿಬಿಡಲಿಲ್ಲ, ಆದರೆ ಅವನ ಕೈ ಡ್ರಮ್ಮಿನ ಹಗ್ಗವನ್ನು ಹಿಡಿದಿತ್ತು. ಅವರ ತಾಯಿಯವರು ಒಳಗಿನಿಂದ ಹುಣಸೆಹಣ್ಣನ್ನು ಕಿವುಚಿ ತಂದು, “ಒಂದೀಟು ತಿಕ್ಕಿದ್ರ ಬಂಗಾರದಂಗ ಹೊಳೀತೈತಿ, ಆಮ್ಯಾಲ ನೋಡ್ರಿ” ಎಂದರು. ತಕ್ಕಡಿಯೂ ಹುಣಸೆಹಣ್ಣೂ ಸ್ವಲ್ಪ ಕಾಯಲೆಂದು ನಾವು ಬೇಡಿಕೊಂಡೆವು. ಶಾಲೆಯ ಕವಾಯತಿನ ವಾದ್ಯಗಳ ಉಸ್ತುವಾರಿಯು ಹಲವು ವರ್ಷ ನಮ್ಮ ಪಾಲಿಗೆ ಬಂದಿದ್ದರಿಂದ, ಈ ವಸ್ತುವಿನ ಪರಿಚಯ ನಮಗೆ ಅಷ್ಟಿಷ್ಟು ಇತ್ತು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸಿದ್ದಾನೆ. ತೊಗಲಿನಿಂದ ಬಿಗಿದುದು ಅವನದ್ಧ. ಲೋಹವೇ ನುಡಿಯುವುದು ಘನ. ಈ ಡ್ರಮ್ಮಿನ ಮೈ ಲೋಹವಾದರೂ ನುಡಿಯುವುದು ತೊಗಲಾದ್ದರಿಂದ ಇದು ಅವನದ್ಧವೇ ಸರಿ. ಇದರ ವಿಶೇಷವಿರುವುದು ಅಡಿಯಲ್ಲಿ. ಕೆಳಗಿನ ತೊಗಲಿಗೆ ಒತ್ತಿಕೊಂಡಿರುವಂತೆ ಕರುಳಿನ ಎಳೆಗಳನ್ನಾಗಲಿ ಲೋಹದ ತಂತಿಗಳನ್ನಾಗಲಿ ಅಡ್ಡಲಾಗಿ ಬಿಗಿದಿರುತ್ತಾರೆ. ಮೇಲೆ ಕೋಲು ಬಿದ್ದೊಡನೆ ಅವು ಅದುರಿ ‘ಚರ್’ ಎಂಬ ಕಂಪಿತಧ್ವನಿಯನ್ನು ಕೊಡುತ್ತವೆ. ತಂಬೂರಿಗೆ ಜೀವಾಳದ ಎಳೆ ಹೇಗೋ ಈ ವಾದ್ಯಕ್ಕೆ ಈ ತಂತಿಗಳು ಹಾಗೆ. ಇಂಗ್ಲಿಷರು ಇದನ್ನು ಸ್ನೇರ್ ಡ್ರಮ್ ಎನ್ನುವುದು ಈ ತಂತಿಗಳಿಂದಲೇ. ಸೊಂಟದ ಪಕ್ಕದಲ್ಲಿ ತೂಗುಹಾಕಿ ಬಾರಿಸುವುದರಿಂದ ಸೈಡ್ ಡ್ರಮ್ ಎಂಬ ಹೆಸರೂ ಉಂಟು.

ಮನೆಯ ಅಟ್ಟದಲ್ಲಿ ಇಂತಹದೊಂದು ಸಿಕ್ಕಿದರೆ ಮೊದಲು ಲೋಹವನ್ನು ಪರೀಕ್ಷಿಸಬೇಕು. ಅಯಸ್ಕಾಂತವು ಬಲವಾಗಿ ಅಂಟಿದರೆ ಮೈ ಉಕ್ಕಿನದು. ಹಿತ್ತಾಳೆಗೂ ತಾಮ್ರಕ್ಕೂ ಅಲ್ಯುಮಿನಿಯಮ್ಮಿಗೂ ಅದು ಅಂಟದು. ಅಲ್ಯುಮಿನಿಯಮ್ಮನ್ನು ಅದರ ಹಗುರದಿಂದಲೇ ತಿಳಿಯಬಹುದು. ಮೇಲಿನ ಲೇಪವು ನೀಲಿಛಾಯೆಯ ಬಿಳುಪಾಗಿದ್ದರೆ ಕ್ರೋಮಿಯಮ್ಮು, ಕೊಂಚ ಹಳದಿಗೆ ತಿರುಗಿದ್ದರೆ ನಿಕಲ್ಲು. ಕ್ರೋಮಿಯಮ್ಮಿನ ಲೇಪವು ರೂಢಿಗೆ ಬಂದುದು 1920ರ ದಶಕದಿಂದೀಚೆಗೆ. ಎರಡನೆಯದಾಗಿ ಬೆಸುಗೆಯನ್ನು ನೋಡಬೇಕು: ತಗಡನ್ನು ಬಳಸಿ ಮೇಲಿಂದ ಕೆಳಕ್ಕೆ ಬೆಸೆದದ್ದೋ, ಬೆಸುಗೆಯ ಗೆರೆಯೇ ಇಲ್ಲದ್ದೋ ಎಂದು. ಮೂರನೆಯದಾಗಿ, ಗಾಳಿಯಾಡಲು ಮೈಯಲ್ಲಿ ಬಿಟ್ಟಿರುವ ಸಣ್ಣ ರಂಧ್ರದ ಸುತ್ತಮುತ್ತ ತಯಾರಕರ ಮುದ್ರೆಯನ್ನು ಹುಡುಕಬೇಕು. 1810ರಲ್ಲಿ ಸ್ಥಾಪಿತವಾದ ಲಂಡನ್ನಿನ ಹೆನ್ರಿ ಪಾಟರ್, 1922ರ ಪ್ರೀಮಿಯರ್, 1909ರಲ್ಲಿ ಶಿಕಾಗೋದಲ್ಲಿ ಮೊದಲಾದ ಲಡ್ವಿಗ್ ಮುಂತಾದ ಹೆಸರುಗಳು ದೊರೆತರೆ ತಜ್ಞರಿಗೆ ತೋರಿಸದೆ ಕೈಬಿಡತಕ್ಕದ್ದಲ್ಲ. ಬಾಣದ ತಲೆಯಂತಹ ಗುರುತಿದ್ದರೆ ಅದು ಬ್ರಿಟಿಷ್ ಸರ್ಕಾರದ ಸೊತ್ತಾಗಿತ್ತೆಂದು ತಿಳಿಯಬೇಕು. ತೊಗಲನ್ನು ನೋಡಿ ಮಾತ್ರ ವಯಸ್ಸನ್ನು ಹೇಳಬಾರದು. ಅದು ಹರಿದಾಗಲೆಲ್ಲ ಬದಲಾಗಿರುತ್ತದೆ. 1950ರ ದಶಕದ ಕೊನೆಗೆ ಪ್ಲಾಸ್ಟಿಕ್ಕಿನ ಪೊರೆಯು ಬಂದ ಮೇಲೆ ಎಷ್ಟೋ ಹಳೆಯ ಡ್ರಮ್ಮುಗಳು ಹೊಸ ಮುಖವನ್ನು ತೊಟ್ಟಿವೆ.

ದೇಶನೂರಿನ ಡ್ರಮ್ಮು ಬೆಸೆದ ಹಿತ್ತಾಳೆಯದು. ಮರದ ಬಳೆ, ಹಗ್ಗದ ಬಿಗಿ, ಹಗ್ಗವನ್ನು ಜಗ್ಗುವ ತೊಗಲಿನ ಪಟ್ಟಿಗಳು. ಹೊರಗೆಲ್ಲಿಯೂ ಮುದ್ರೆಯಿರಲಿಲ್ಲ. ಮೀರತ್ತಿನ ಜಲೀಕೋಠಿಯಲ್ಲಿ ತಲೆಮಾರುಗಳಿಂದ ಬ್ಯಾಂಡಿನ ವಾದ್ಯಗಳನ್ನು ಮಾಡುತ್ತಿರುವಾಗ, ಗುರುತಿಲ್ಲದ್ದನ್ನೆಲ್ಲ ಲಂಡನ್ನಿನದೆಂದು ಹೊಗಳುವುದು ಪ್ರಾಮಾಣಿಕರ ಲಕ್ಷಣವಲ್ಲ. ಆದುದರಿಂದ, “ಪೇಟೆಯಲ್ಲಿ ಇದಕ್ಕೆ ದೊಡ್ಡ ಬೆಲೆ ಬಾರದು, ಆದರೂ ಗುಜರಿಯವನ ತೂಕದ ಬೆಲೆಗಿಂತ ಹೆಚ್ಚೇ ಬಂದೀತು, ಏಕೆಂದರೆ ಅಂಗಾಂಗಗಳೆಲ್ಲ ಮೂಲದವೇ ಇವೆ” ಎಂದು ಇದ್ದುದನ್ನು ಇದ್ದಂತೆಯೇ ಹೇಳಿದೆವು. ಇಂತಹ ವಸ್ತುಗಳಿಗೆ ಬೆಲೆಯನ್ನು ನಿರ್ಣಯಿಸುವವು ನಾಲ್ಕು: ಮಾಡಿದವರ ಹೆಸರು, ಕಾಲ, ಅಂಗಗಳ ಪೂರ್ಣತೆ, ಮೈಯ ಸ್ಥಿತಿ. ತೂಕವು ಈ ನಾಲ್ಕರಲ್ಲಿ ಇಲ್ಲವೇ ಇಲ್ಲ.

ಇನ್ನು ಶುದ್ಧಿಯ ವಿಚಾರ. ನಮ್ಮ ಹೆಣ್ಣುಮಕ್ಕಳು ಪೂಜೆಯ ಪಾತ್ರೆಯನ್ನು ಹುಣಸೆಹಣ್ಣಿನಿಂದ ಬೆಳಗುವುದು ಯುಕ್ತವೇ. ಆದರೆ ಹುಳಿಯು ಕಿಲುಬಿನೊಡನೆ ಹಿತ್ತಾಳೆಯ ಮೇಲ್ಪದರವನ್ನೂ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸತುವು ಕರಗಿ ತಾಮ್ರದ ಕೆಂಪು ತಲೆದೋರುತ್ತದೆ. ಬೂದಿ, ಇಟ್ಟಿಗೆಪುಡಿಗಳು ನಿಕಲ್ಲಿನ ಲೇಪವನ್ನೂ ಬಣ್ಣದ ಲಾಂಛನಗಳನ್ನೂ ಸವೆಸಿಬಿಡುತ್ತವೆ. ಒಮ್ಮೆ ಅಳಿದ ಮುದ್ರೆಯು ಮತ್ತೆ ಬಾರದು. ಆದುದರಿಂದ ಕ್ರಮವು ಹೀಗಿರಲಿ: ಹಗ್ಗವನ್ನು ಒಂದೇ ಕಡೆ ಬಿಚ್ಚದೆ ಸುತ್ತಲೂ ಸಮನಾಗಿ ಸಡಿಲಿಸಬೇಕು. ಯಾವ ಭಾಗವು ಎಲ್ಲಿತ್ತೆಂಬುದನ್ನು ಬರೆದಿಟ್ಟುಕೊಂಡು ಬಳೆ, ತೊಗಲುಗಳನ್ನು ತೆಗೆಯಬೇಕು. ತೊಗಲಿಗೆ ನೀರು ಸೋಕಬಾರದು. ಮೃದುವಾದ ಕುಂಚದಿಂದ ಧೂಳನ್ನು ಕೊಡಹಿದರೆ ಸಾಕು. ಹಿತ್ತಾಳೆಯ ಮೈಯನ್ನು ಉಗುರುಬೆಚ್ಚನೆಯ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ತೇವವನ್ನು ತೆಗೆಯಬೇಕು. ಬಣ್ಣವಿದ್ದ ಕಡೆ ಇದೂ ಬೇಡ. ತಿರುಪುಗಳಿಗೆ ತುಕ್ಕು ಹಿಡಿದಿದ್ದರೆ ಬಲವಂತಮಾಡದೆ ಒಂದು ತೊಟ್ಟು ತೆಳ್ಳನೆಯ ಎಣ್ಣೆಯನ್ನು ಬಿಟ್ಟು ಒಂದು ದಿನ ಕಾಯಬೇಕು. ಕಾಲದಿಂದ ಬಂದ ಕಂದುಛಾಯೆಯನ್ನು ಹಾಗೆಯೇ ಉಳಿಸಬೇಕು.

ಈ ಕ್ರಮದಲ್ಲಿಯೇ ತಮ್ಮನು ಕೆಳಗಿನ ಹರಿದ ತೊಗಲನ್ನು ತೆಗೆದನು. ಒಳಮೈಯನ್ನು ಒರೆಸುವಾಗ, ಮೊಳೆಯಿಂದ ಕೊರೆದ ಕನ್ನಡದ ಅಕ್ಷರಗಳು ಒಂದೊಂದಾಗಿ ಕಂಡವು: ಅವರ ತಂದೆಯವರ ಹೆಸರು, ಅದರ ಮೇಲೆ ಅಜ್ಜನವರ ಹೆಸರು. ತಾಯಿಯವರು ಹುಣಸೆಹಣ್ಣಿನ ಬಟ್ಟಲನ್ನು ಸುಮ್ಮನೆ ಒಳಗೆ ತೆಗೆದುಕೊಂಡು ಹೋದರು. ಅಣ್ಣನವರು ಬಹಳ ಹೊತ್ತು ನೋಡುತ್ತ ಕುಳಿತಿದ್ದು, “ಇದು ತಕ್ಕಡಿಗೆ ಬ್ಯಾಡ. ತಮ್ಮ ಇಟಕೊಳ್ಳಲಿ, ಹಬ್ಬಕ್ಕ ನಮ್ಮ ಮನಿಗೂ ತಂದು ಬಾರಿಸ್ಲಿ” ಎಂದರು. ಅದಕ್ಕೆ ಸಮನಾಗಿ ಕೊಡವೊಂದನ್ನು ತೆಗೆದುಕೊಳ್ಳಿರೆಂದು ತಮ್ಮನು ಹೇಳಿದನು, ಅವರು ತೆಗೆದುಕೊಳ್ಳಲಿಲ್ಲ.

ಮರುದಿನ ಹಿಂದಿರುಗುವಾಗ ಬಳ್ಳಾರಿಯ ನೆರೆಯ ಸಂಗನಕಲ್ಲಿನ ಬೆಟ್ಟಸಾಲನ್ನು ನೋಡಿ ಬಂದೆವು. ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳು ಅಲ್ಲಿವೆ. ಹಿಂದಿನ ಜನರು ಬಡಿದು ಬಡಿದು ಬಿದ್ದ ಕುಳಿಗಳು ಅವುಗಳ ಮೇಲೆ ಇಂದಿಗೂ ಕಾಣುತ್ತವೆ. ನವಶಿಲಾಯುಗದವರ ವಾದ್ಯಗಳಿವೆಂದು ವಿದ್ವಾಂಸರು 2004ರಲ್ಲಿ ವಿವರವಾಗಿ ಬರೆದಿದ್ದಾರೆ. ಆ ಕುಳಿಗಳನ್ನು ಉಜ್ಜಿ ನುಣುಪುಮಾಡಬೇಕೆಂದು ಯಾರೂ ಹೇಳಲಾರರು. ಕಲ್ಲು ವಾದ್ಯವೆಂಬುದಕ್ಕೆ ಅವೇ ಸಾಕ್ಷಿ.

ವಾಚಕರ ಮನೆಗಳಲ್ಲಿಯೂ ಅಟ್ಟದ ಮೇಲೆ ಇಂತಹ ಡ್ರಮ್ಮೋ ತಾಷೆಯೋ ಕೊಂಬೋ ಇರಬಹುದು. ಪಾಲು ಬಂದಾಗ, ಮನೆ ಬದಲಿಸುವಾಗ, ಗುಜರಿಯವನು ಬಾಗಿಲಲ್ಲಿ ನಿಂತಾಗ ಅದನ್ನು ಒಮ್ಮೆ ಬೆಳಕಿಗೆ ತಂದು, ಹೊರಗನ್ನು ಮಾತ್ರವಲ್ಲದೆ ಒಳಗನ್ನೂ ನೋಡಲಿ. ಆಮೇಲೆ ತೊಗಲು ಒಡೆಯದಂತೆ ಹಗ್ಗವನ್ನು ಕೊಂಚ ಸಡಿಲಿಸಿ, ಬಿಸಿಲೂ ತೇವವೂ ತಾಗದ ಕಡೆ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಲಿ. ಬಾರಿಸಬಲ್ಲವರು ಮನೆಯಲ್ಲಿದ್ದರೆ ಅವರ ಕೈಗೆ ಕೊಡಲಿ.