ಟೀವಿಯ ಬೆನ್ನ ಹಿಂದಿನ ಬೆಳಕು

ಬಣ್ಣವನ್ನು ಯಾವ ಬೆಳಕಿನಲ್ಲಿ ನೋಡಬೇಕೆಂಬ ಪ್ರಶ್ನೆ ನಮ್ಮ ಗರಗದವರಿಗೆ ಪರಕೀಯವಲ್ಲ. 1954ರಲ್ಲಿ ಸ್ಥಾಪನೆಯಾದ ನಮ್ಮೂರ ಕ್ಷೇತ್ರೀಯ ಸೇವಾ ಸಂಘದ ಮಗ್ಗಗಳಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿಯನ್ನು ನೇಯುತ್ತ ಬಂದವರು ನಮ್ಮ ಜನ. ಆ ಧ್ವಜದ ಕೇಸರಿ, ಹಸಿರು, ನೀಲಿಗಳು ಹೇಗಿರಬೇಕೆಂಬುದನ್ನು ಭಾರತೀಯ ಮಾನಕಗಳಲ್ಲಿ ಮೊದಲನೆಯ ಸಂಖ್ಯೆಯ ಮಾನಕವು ಅಂಕಿಗಳಲ್ಲಿ ನಿಗದಿಪಡಿಸಿದೆ. ಅವುಗಳನ್ನು ಯಾವ ಬೆಳಕಿನಲ್ಲಿ ಅಳೆಯಬೇಕೆಂಬುದನ್ನೂ ಹೇಳಿದೆ. ಅದು ಹಗಲಿನ ಬೆಳಕಿಗೆ ಸಮನಾದ ಬೆಳಕು. ಚಿಮಣಿಯ ಬೆಳಕಿನಲ್ಲಿ ಸೀರೆ ಆರಿಸಿ, ಮರುದಿನ ಬಿಸಿಲಿಗೆ ಹಿಡಿದಾಗ ಮುಖ ಚಿಕ್ಕದು ಮಾಡಿಕೊಂಡ ಹಿರಿಯರನ್ನು ಕಂಡವರಿಗೆ ಈ ನಿಯಮದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಈ ವಿಷಯ ನೆನಪಾದದ್ದು ನಮ್ಮ ಮನೆಯ ಟೀವಿಯ ನಿಮಿತ್ತವಾಗಿ. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, "ಅಪ್ಪಾ, ಟೀವಿ ಹಿಂದ ಹಚ್ಚೋ ಲೈಟ್ ಬಂದಾವ. ಚಿತ್ರದಾಗ ಸಮುದ್ರ ಬಂದ್ರ ಗ್ವಾಡಿನೂ ನೀಲಿ ಆಗ್ತೈತಿ. ಕಳಸಲೇನು?" ಎಂದು ಕೇಳಿದ. ಹೂಂ ಎನ್ನುವುದು ಸುಲಭವಿತ್ತು. ಆದರೆ ಬೇಸಿಗೆಯ ರಜೆಗೆ ತಂಗಿಯ ಮೊಮ್ಮಗ ನಮ್ಮಲ್ಲಿಗೇ ಬರುತ್ತಾನೆ. ಎಂಟು ವರ್ಷದ ಆ ಹುಡುಗನಿಗೆ ಮೂರ್ಛೆಯ ತೊಂದರೆ ಇದೆ. ಮಿಣುಕುವ ಬೆಳಕು ಅವನಿಗೆ ಆಗದೆಂದೂ, ಕತ್ತಲೆಯ ಕೋಣೆಯಲ್ಲಿ ಟೀವಿ ನೋಡಬಾರದೆಂದೂ ವೈದ್ಯರು ಹೇಳಿದ್ದಾರೆ. ಕಳೆದ ವರ್ಷ ತಂಗಿ ಕಣ್ಣೊರೆಸಿಕೊಳ್ಳುತ್ತ, "ಅಣ್ಣಾ, ಎಲ್ಲಾರೂ ಟೀವಿ ನೋಡಾಗ ಇವನೊಬ್ಬನ್ನ ಅಡಗಿಮನ್ಯಾಗ ಹ್ಯಾಂಗ ಕೂಡಸಲಿ?" ಎಂದಿದ್ದಳು. ಆದ್ದರಿಂದ ಅಲಂಕಾರದ ಪ್ರಶ್ನೆಯೆಂದು ಇದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

ಟೀವಿಯ ಬಳಿ ಬೆಳಕಿರಬೇಕೆಂಬುದು ಹಳೆಯ ತಿಳಿವಳಿಕೆಯೇ. 1982ರಲ್ಲಿ ನಮ್ಮ ದೇಶದ ದೂರದರ್ಶನಕ್ಕೆ ಬಣ್ಣ ಬಂತು. ಆ ಕಾಲದಲ್ಲಿ ಪೆಟ್ಟಿಗೆಯ ಮೇಲೊಂದು ಪುಟ್ಟ ದೀಪವಿಡುವ ಮನೆಗಳಿದ್ದವು. ಇದರ ಹಿಂದೆ ಶಾಸ್ತ್ರವಿದೆ. ಸುತ್ತಲೂ ಕಗ್ಗತ್ತಲೆಯಿದ್ದು ಪರದೆಯೊಂದೇ ಪ್ರಕಾಶಿಸಿದರೆ, ಚಿತ್ರ ಬೆಳಗಿದಾಗಲೂ ಕಪ್ಪಾದಾಗಲೂ ಕಣ್ಣು ಮತ್ತೆ ಮತ್ತೆ ಹೊಂದಿಕೊಳ್ಳಬೇಕಾಗುತ್ತದೆ, ಬೇಗ ದಣಿಯುತ್ತದೆ. ಪರದೆಯ ಹಿಂದಿನ ಗೋಡೆಯ ಮೇಲೆ ಮಂದವಾದ ಬೆಳಕಿದ್ದರೆ ಆ ಶ್ರಮ ಕಡಿಮೆ. ಚಿತ್ರದ ಕಪ್ಪು ಇನ್ನಷ್ಟು ಕಪ್ಪಾಗಿ ತೋರುವುದು ಅದರ ಜೊತೆಗೆ ದೊರೆಯುವ ಲಾಭ.

ಆ ಬೆಳಕಿನ ಬಣ್ಣ ಯಾವುದು? ಇಲ್ಲಿ ಫ್ರಾನ್ಸಿನ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನನ್ನು ನೆನೆಯಬೇಕು. ಪ್ಯಾರಿಸಿನ ಗೋಬೆಲೆನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಅವನಿಗೆ, ಕಪ್ಪು ನೂಲು ಮಾಸಿದಂತೆ ಕಾಣುತ್ತದೆಂಬ ದೂರು ಬಂದಿತು. ಪರೀಕ್ಷಿಸಿದರೆ ನೂಲು ಚೆನ್ನಾಗಿಯೇ ಇತ್ತು. ಮಗ್ಗುಲಲ್ಲಿದ್ದ ನೀಲಿ, ನೇರಳೆ ಎಳೆಗಳು ಅದನ್ನು ಹಾಗೆ ತೋರಿಸುತ್ತಿದ್ದವು. ಒಂದು ಬಣ್ಣ ತನ್ನ ನೆರೆಯ ಬಣ್ಣದಿಂದ ಬದಲಾಗಿ ಕಾಣುತ್ತದೆಂಬ ಈ ತತ್ತ್ವವನ್ನು ಅವನು 1839ರ ತನ್ನ ಗ್ರಂಥದಲ್ಲಿ ವಿಸ್ತರಿಸಿದ. ಟೀವಿಗೆ ಗೋಡೆಯೇ ನೆರೆಯವನು. ಗೋಡೆ ಕೆಂಪಾದರೆ ಪರದೆಯ ಮೇಲಿನ ಮುಖಗಳು ಹಸಿರಿನತ್ತ ವಾಲಿದಂತೆ ಕಾಣಬಹುದು. ಚಿತ್ರವನ್ನು ಇದ್ದಂತೆ ನೋಡಬೇಕೆನ್ನುವವರಿಗೆ ಸ್ಥಿರವಾದ ಬಿಳಿ ಬೆಳಕೇ ಯೋಗ್ಯ. ಟೀವಿಯ ಬಿಳಿಗೆ ಮಾನಕವಾದದ್ದು 6500 ಕೆಲ್ವಿನ್. ಧ್ವಜದ ಬಣ್ಣ ಅಳೆಯುವ ಹಗಲ ಬೆಳಕಿಗೆ ಅದು ತೀರ ಹತ್ತಿರದ್ದು. ಆದ್ದರಿಂದ ಡಬ್ಬಿಯ ಮೇಲೆ 6500 ಕೆ ಎಂದಿರಲಿ, ಬಣ್ಣಗಳನ್ನು ನಿಜವಾಗಿ ತೋರಿಸುವ ಶಕ್ತಿಯನ್ನು ಹೇಳುವ ಸಿ.ಆರ್.ಐ. 90ಕ್ಕಿಂತ ಮೇಲಿರಲಿ. ಬೆಳಕಿನ ಪ್ರಮಾಣ ಪರದೆಯ ಅತ್ಯಂತ ಪ್ರಖರ ಬಿಳಿಯ ಹತ್ತರಲ್ಲೊಂದು ಪಾಲಿದ್ದರೆ ಸಾಕು. ಗೋಡೆಗೆ ಬಿಳಿ ಅಥವಾ ಬೂದು ಬಣ್ಣವಿರಬೇಕು. ಹಸಿರು ಗೋಡೆ ಬಿಳಿ ಬೆಳಕನ್ನೂ ಹಸಿರಾಗಿಸುತ್ತದೆ.

ಇನ್ನು ಮಗ ಹೇಳಿದ, ಚಿತ್ರದೊಡನೆ ಬದಲಾಗುವ ಬೆಳಕು. ಇದರಲ್ಲಿ ಮೂರು ಬಗೆ. ಮೊದಲನೆಯದು ಟೀವಿಯೊಳಗೇ ಅಡಕವಾದದ್ದು. ಫಿಲಿಪ್ಸ್ ಕಂಪನಿ 2004ರಲ್ಲಿ ಆಂಬಿಲೈಟ್ ಎಂಬ ಹೆಸರಿನಿಂದ ಇದನ್ನು ತಂದಿತು. ಎರಡನೆಯದರಲ್ಲಿ ಸೆಟ್ ಟಾಪ್ ಬಾಕ್ಸಿಗೂ ಟೀವಿಗೂ ನಡುವೆ ಒಂದು ಪೆಟ್ಟಿಗೆ ಕೂತು, ಎಚ್‌ಡಿಎಂಐ ತಂತಿಯಲ್ಲಿ ಬರುವ ಚಿತ್ರವನ್ನು ಓದಿ ದೀಪಗಳಿಗೆ ಆಜ್ಞೆ ಕೊಡುತ್ತದೆ. ಇದು ಕರಾರುವಾಕ್ಕಾದದ್ದು. ಆದರೆ ಟೀವಿಯೊಳಗಿನ ಯೂಟ್ಯೂಬಿನ ಚಿತ್ರ ಆ ತಂತಿಯಲ್ಲಿ ಹಾಯುವುದಿಲ್ಲವಾದ್ದರಿಂದ ಆಗ ಪೆಟ್ಟಿಗೆ ಕುರುಡು. ಮೂರನೆಯದರಲ್ಲಿ ಟೀವಿಯ ಅಂಚಿಗೆ ಕೂಡಿಸಿದ ಪುಟ್ಟ ಕ್ಯಾಮೆರಾ ಪರದೆಯನ್ನೇ ನೋಡಿ ಬಣ್ಣ ಹೇಳುತ್ತದೆ. ಯಾವ ಮೂಲದ ಚಿತ್ರಕ್ಕೂ ಇದು ಒದಗುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಕಿಟಕಿಯ ಬಿಸಿಲು ಪರದೆಗೆ ಬಿದ್ದರೆ ಲೆಕ್ಕ ತಪ್ಪುತ್ತದೆ. ನಡುಮನೆಯಲ್ಲಿ ಕ್ಯಾಮೆರಾದ ಕಣ್ಣು ಸದಾ ಇರುವುದು ಒಪ್ಪಿಗೆಯೇ ಎಂದು ಮನೆಯ ಹೆಣ್ಣುಮಕ್ಕಳನ್ನೂ ಕೇಳಬೇಕು.

ಈ ದೀಪಗಳಲ್ಲಿ ಉತ್ಸವದ ಸೊಗಸಿದೆ. ಕ್ರಿಕೆಟ್ಟಿಗೆ ಗೋಡೆಯೆಲ್ಲ ಹಸಿರಾದರೆ ಮಕ್ಕಳು ಕುಣಿಯದೆ ಇರಲಾರರು. ಆದರೆ ಪರದೆಯ ಮೇಲೆ ಮಿಂಚು ಹೊಡೆದಾಗ ಗೋಡೆಯೂ ಮಿಂಚುತ್ತದೆ. ಕಣ್ಣು ತುಂಬುವ ಮಿಂಚಿನ ವಿಸ್ತಾರ ಹೆಚ್ಚಿದಷ್ಟೂ ಮೂರ್ಛೆಯ ಅಪಾಯ ಹೆಚ್ಚು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಯಕ್ರಮದ ಒಂದು ಕಂತಿನಲ್ಲಿ ಕೆಂಪು, ನೀಲಿ ಬಣ್ಣಗಳು ಕೆಲವೇ ಸೆಕೆಂಡು ಅತಿವೇಗದಿಂದ ಮಿನುಗಿದವು. ಆರುನೂರಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಒಯ್ಯಬೇಕಾಯಿತು. ಮೂರ್ಛೆ ಇರುವವರಲ್ಲಿ ಬೆಳಕಿನಿಂದ ತೊಂದರೆಯಾಗುವವರು ನೂರಕ್ಕೆ ಕೆಲವರು ಮಾತ್ರ, ನಿಜ. ಆ ಕೆಲವರಲ್ಲಿ ನಮ್ಮ ಹುಡುಗನೂ ಒಬ್ಬ.

ಆದ್ದರಿಂದ ಮಗನಿಗೆ ಹೇಳಿದೆ: "ಬಣ್ಣದ್ದು ನಿನ್ನ ಮನಿಗೆ ಇರಲಿ, ನಮಗ ಬಿಳೇದು ಕಳಸು." ನಮ್ಮದು 43 ಇಂಚಿನ ಟೀವಿ, ಅಗಲ ಸುಮಾರು 95 ಸೆಂಟಿಮೀಟರು, ಎತ್ತರ 54. ನಾಲ್ಕೂ ಅಂಚುಗಳಿಗೆ ಮೂರು ಮೀಟರಿನ ಪಟ್ಟಿ ಸಾಕಾಯಿತು. ಟೀವಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ್ದೇವೆ. ಹುಡುಗನಿಗಾಗಿ ಮೇಲಿನ ದೀಪವನ್ನೂ ಉರಿಸಿ, ಅವನ ಕುರ್ಚಿಯನ್ನು ಪರದೆಯಿಂದ ಸಾಕಷ್ಟು ದೂರ ಹಾಕುತ್ತೇವೆ. ಆದರೂ ವೈದ್ಯರ ಮಾತಿಗೆ ಇದು ಬದಲಿಯಲ್ಲ. ಅವರನ್ನು ಕೇಳಿಯೇ ಹುಡುಗನಿಗೆ ಟೀವಿಯ ಹೊತ್ತನ್ನು ಗೊತ್ತುಮಾಡಿದ್ದೇವೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ದೂರದ ಊರುಗಳಿಂದ ತಂದೆತಾಯಿಗಳಿಗೆ ಇಂಥ ವಸ್ತುಗಳನ್ನು ಕಳಿಸುತ್ತೀರಿ. ಕಳಿಸಿರಿ, ಸಂತೋಷ. ಕೊಳ್ಳುವ ಮೊದಲು ಟೀವಿಯ ಅಳತೆಯನ್ನು ಕೇಳುವಿರಷ್ಟೆ. ಅದರ ಮುಂದೆ ಕೂಡುವವರು ಯಾರು, ಅವರ ಕಣ್ಣಿಗೆ ಏನು ಆಗದು ಎಂಬುದನ್ನೂ ಒಂದು ಮಾತು ಕೇಳಿರಿ.