ಮಹಾಬಳೇಶ್ವರದ ಮಳಿ, ಜುಗೂಳದ ಹೊಳಿ

ಜುಗೂಳದಲ್ಲಿ ಬಿಸಿಲು ಬಿದ್ದಿರುವಾಗಲೇ ಹೊಳೆ ಬರುತ್ತದೆ. ಅಂಗಳದಲ್ಲಿ ಕಾಳು ಒಣಹಾಕಿರುತ್ತಾರೆ, ಮುಗಿಲಿನಿಂದ ಒಂದು ಹನಿ ಇಲ್ಲ. ಆದರೆ ಊರ ಕೆಳಗಿನ ಕಬ್ಬಿನ ಪಡದಲ್ಲಿ ಕೆನ್ನೀರು ಮೊಣಕಾಲುಮಟ್ಟ ನಿಂತಿರುತ್ತದೆ. ಮಡ್ಡಿ ಕಡೆಯ ಊರಿನಿಂದ ಬಂದ ಸೊಸೆಗೆ ಮೊದಲ ವರ್ಷ ಇದು ತಲೆಗೆ ಹತ್ತುವುದಿಲ್ಲ. ‘ಮಳಿನ ಇಲ್ಲ, ಹೊಳಿ ಹೆಂಗ ಬಂತ್ರೀ ಅತ್ತಿ?’ ಅಂತಾಳೆ. ಅತ್ತೆ ಪಡುವಣಕ್ಕೆ ಕೈ ಮಾಡಿ, ‘ಮ್ಯಾಲ ಆಗೇತಲ್ಲವಾ’ ಅಂದು ಸುಮ್ಮನಾಗುತ್ತಾಳೆ.

ಮ್ಯಾಲ ಅಂದರೆ ಸಹ್ಯಾದ್ರಿಯ ನೆತ್ತಿ. ಕೃಷ್ಣೆ ಹುಟ್ಟುವ ಮಹಾಬಳೇಶ್ವರ ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅದೇ ಗುಡ್ಡಸಾಲಿನ ಮಳೆನೆರಳಿನಲ್ಲಿ ಕೂತ ನಮ್ಮ ಅಥಣಿ, ಕಾಗವಾಡ ಸೀಮೆಗೆ ಐದಾರು ನೂರು ಮಿಲಿಮೀಟರ್ ಆದರೆ ಅದು ಒಳ್ಳೆಯ ವರ್ಷ. ಮೋಡಗಳು ತಮ್ಮ ಸರಕನ್ನೆಲ್ಲ ಗುಡ್ಡದ ನೆತ್ತಿಯಲ್ಲೇ ಇಳಿಸಿ ಬರಿಗೈಲೆ ನಮ್ಮ ಕಡೆ ಹಾಯುತ್ತವೆ. ಇಳಿಸಿದ ಸರಕು ಮಾತ್ರ ಒಂದೆರಡು ದಿನ ತಡವಾಗಿ, ನೆಲದ ಹಾದಿಯಿಂದ, ಕೇಳದೆ ಮನೆಗೆ ಬರುತ್ತದೆ. ಬೆಟ್ಟದ ಊರುಗಳ ಹವೆಯ ಬಗ್ಗೆ ಬರೆಯುವವರು ಬೆಟ್ಟದಲ್ಲೇ ನಿಂತು ಬರೆಯುತ್ತಾರೆ. ಆ ಬೆಟ್ಟದ ಹವೆ ನಿಜವಾಗಿ ತಟ್ಟುವುದು ಎಲ್ಲಿ ಅಂತ ನೋಡಬೇಕಾದರೆ ಒಂದು ಪುಷ್ಯ ಮಳೆಯಲ್ಲಿ ಜುಗೂಳಕ್ಕೆ ಬರಬೇಕು.

ಪುಷ್ಯ ಅಂದದ್ದು ಲೆಕ್ಕ ಹಾಕಿಯೇ. ಜುಲೈ 20ರ ಸುಮಾರಿಗೆ ಪುಷ್ಯ ಹೂಡುತ್ತದೆ, ಆಗಸ್ಟ್ 3ಕ್ಕೆ ಆಶ್ಲೇಷ. 2005ರ ಮಹಾಪೂರ ಪುಷ್ಯದಲ್ಲಿ ಶುರುವಾಯಿತು, 2019ರದು ಆಶ್ಲೇಷದಲ್ಲಿ, 2021ರದು ಮತ್ತೆ ಪುಷ್ಯದಲ್ಲಿ. ನಮ್ಮ ಮುಗಿಲಿನ ಸ್ವಂತ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ, ಉತ್ತರಿ, ಹಸ್ತದ ಹೊತ್ತಿಗೆ. ಅಷ್ಟರಲ್ಲಿ ಹೊಳೆ ಇಳಿದು ದಂಡೆಯ ಕೆಸರು ಬಿರುಕು ಬಿಟ್ಟಿರುತ್ತದೆ. ಹೀಗಾಗಿ ಇಲ್ಲಿನ ರೈತ ಒಂದೇ ಪಂಚಾಂಗದಲ್ಲಿ ಎರಡು ಮಳೆಗಾಲ ಓದುತ್ತಾನೆ. ಒಂದು ಬೇರೆಯವರ ಮಳೆ, ಹೆದರಿಸುವುದು. ಇನ್ನೊಂದು ತನ್ನದು, ಬಿಳಿಜೋಳಕ್ಕೆ ಹದ ಕೊಡುವುದು.

ನಕಾಶೆಯಲ್ಲಿ ನೋಡಿದರೆ ಹೊಳೆಯ ಸ್ವಭಾವ ತಿಳಿಯುತ್ತದೆ. ಗುಡ್ಡದಿಂದ ಧುಮುಕಿ ಕರಾಡದಲ್ಲಿ ಕೊಯ್ನೆಯನ್ನು ಎದುರುಬದುರಾಗಿ ಕೂಡಿಕೊಳ್ಳುವ ತನಕ ಕೃಷ್ಣೆಗೆ ಅವಸರ. ಅಲ್ಲಿಂದ ಮುಂದೆ ಇಳುಕಲು ಬಹಳ ಕಡಿಮೆ. ಸಾಂಗಲಿ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ, ನಮ್ಮನ್ನು ದಾಟಿ ಕಲ್ಲೋಳದಲ್ಲಿ ದೂಧಗಂಗಾ. ಮೂರೂ ಅದೇ ಸಹ್ಯಾದ್ರಿಯ ಮಳೆ ಹೊತ್ತು ತಂದು ಸೇರುತ್ತವೆ. ಸಪಾಟು ನೆಲದಲ್ಲಿ ಅಷ್ಟು ನೀರು ಓಡಲಾರದೆ ಹರವಿಕೊಳ್ಳುತ್ತದೆ. ಹೊಳೆ ಹಾವಿನಂತೆ ಹೊರಳುವ ಒಂದು ತಿರುವಿನಲ್ಲಿ ಈಚೆ ದಂಡೆಗೆ ಜುಗೂಳ, ಆಚೆ ದಂಡೆಗೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿನ ಕೊಪ್ಪೇಶ್ವರನ ಗುಡಿ ಶಿಲಾಹಾರರ ಕಾಲದ್ದು. ಅದರ ಸ್ವರ್ಗಮಂಟಪಕ್ಕೆ ನಡುವೆ ಮಾಡೇ ಇಲ್ಲ, ದುಂಡಗೆ ಮುಗಿಲು ಕಾಣುತ್ತದೆ. ನಮ್ಮ ಕಡೆಯವರು ದೋಣಿ ಹತ್ತಿ ಹೋಗಿ ಅಲ್ಲಿ ಕೈ ಮುಗಿದು ಬರುತ್ತಿದ್ದರು. ಹೊಳೆಗೆ ರಾಜ್ಯದ ಗಡಿ ಗೊತ್ತಿಲ್ಲ ಅಂತ ಭಾಷಣದಲ್ಲಿ ಹೇಳುತ್ತಾರೆ. ಸುಳ್ಳಲ್ಲ, ಆದರೆ ಪರಿಹಾರದ ಪಟ್ಟಿ ಬರೆಯುವ ತಲಾಠಿಗೆ ಗಡಿ ಚೆನ್ನಾಗಿ ಗೊತ್ತು.

ಹೊಳೆ ಏರುವ ದಿನಗಳಲ್ಲಿ ಹೊಳೆಸಾಲಿನ ಊರುಗಳಲ್ಲಿ ಯಾರೂ ತಮ್ಮ ಮುಗಿಲು ನೋಡುವುದಿಲ್ಲ. ಸಾಂಗಲಿಯ ಆಯರ್ವಿನ್ ಪೂಲಿನ, ಅಂದರೆ ಸೇತುವೆಯ, ಹತ್ತಿರ ನೀರು ಎಷ್ಟು ಫೂಟು ಅಂತ ಕೇಳುತ್ತಾರೆ. ಕಟ್ಟೆಯ ಮೇಲೆ ಕೂತ ಮುದುಕ, ಮೊಬೈಲು ಹಿಡಿದ ಹುಡುಗ, ಇಬ್ಬರ ಮಾತು ಹೀಗೆ ನಡೆಯುತ್ತದೆ:

‘ತಮ್ಮಾ, ಪೂಲಕ ಎಷ್ಟ ಆತು?’

‘ನಲವತ್ತೆರಡ ಆಗೇತಿ ಅಜ್ಜಾ.’

‘ಕೊಯ್ನಾ?’

‘ಬಾಗಲಾ ತಗದಾರಂತ.’

‘ಹಂಗಾರ ನಾಳಿ ಹೊತ್ತ ಮುಣಗೂದ್ರಾಗ ಎಮ್ಮಿ ಬಿಚ್ಚೂನು.’

ಪೂಲಿಗೆ 45 ಫೂಟು ಅಪಾಯದ ಗೆರೆ. 2019ರಲ್ಲಿ ಅದು 57 ದಾಟಿತ್ತು. ಕೊಯ್ನಾ ಜಲಾಶಯ ಹಿಡಿಯುವುದು 105 ಟಿಎಂಸಿ. ಇದು ಸಹಿ ಮಾಡಲು ಬಾರದ ಮುದುಕಿಗೂ ಬಾಯಿಪಾಠ. ಶಾಲೆಯ ಪುಸ್ತಕದಲ್ಲಿ ಒಂದು ಊರಿನ ಹವಾಮಾನಕ್ಕೆ ಅಕ್ಷಾಂಶ, ಎತ್ತರ, ಸಮುದ್ರದ ದೂರ ಕಾರಣ ಅಂತ ಬರೆದಿರುತ್ತದೆ. ಕ್ಯೂಸೆಕ್ ಅಂತ ನಾಲ್ಕನೆಯದೊಂದನ್ನು ನಮ್ಮ ಮಕ್ಕಳು ತಾವೇ ಸೇರಿಸಿಕೊಂಡು ಓದಬೇಕು.

2019ರ ನಾಗರಪಂಚಮಿ ಆಗಸ್ಟ್ 5ಕ್ಕೆ ಬಿದ್ದಿತ್ತು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಟ್ಟಿದ್ದರು, ಜೋಕಾಲಿಯ ಹಗ್ಗ ಇಳಿಸಿದ್ದರು. ತವರಿಗೆ ಬರಬೇಕಾದ ಹೆಣ್ಣುಮಕ್ಕಳು ಕುಡಚಿ–ಉಗಾರ ಸೇತುವೆ ಮುಳುಗಿ ಆಚೆಯೇ ಉಳಿದರು. ಬಂದಿದ್ದವರು ಅದೇ ಡಬ್ಬಿ ಕಂಕುಳಲ್ಲಿ ಹಿಡಿದು ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಕಾಳಜಿ ಕೇಂದ್ರಕ್ಕೆ ಹೋದರು. ನೀರು ಇಳಿದ ಮೇಲೆ ಮನೆಗೋಡೆಯ ಮೇಲೆ ಮೂರು ಬಣ್ಣ ಉಳಿಯುತ್ತವೆ: ಮೇಲೆ ಸುಣ್ಣದ ಬಿಳುಪು, ನಡುವೆ ತೇವ ಏರಿದ ಕಂದು, ಕೆಳಗೆ ಕೆಸರಿನ ಗಟ್ಟಿ ಪದರ. ಹೊಲದಲ್ಲಿ ರೈತ ಮೊದಲು ನೋಡುವುದು ಕಬ್ಬಿನ ಸುಳಿ. ಸುಳಿ ನೀರಿನ ಮೇಲಿದ್ದರೆ ವಾರ ನಿಂತರೂ ಕಬ್ಬು ತಾಳುತ್ತದೆ. ಸುಳಿಯೊಳಗೆ ಕೆಸರು ಇಳಿದಿದ್ದರೆ ಮುಗಿಯಿತು. ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಜಗ್ಗಿದರೆ ಸುಳಿ ಕೈಗೇ ಕಿತ್ತು ಬರುತ್ತದೆ, ಬುಡದಲ್ಲಿ ಕೊಳೆತ ವಾಸನೆ. ಆಮೇಲೆ ಆ ಪಡವನ್ನು ದನಕ್ಕೆ ಕಡಿದು ಹಾಕುವುದೇ.

ತಪ್ಪು ಯಾರದು ಎಂಬ ಜಗಳ ಪ್ರತಿ ಸಲ ಇದ್ದದ್ದೇ. ಸಾಂಗಲಿಯವರು ಆಲಮಟ್ಟಿಯ ಹಿನ್ನೀರು ಅನ್ನುತ್ತಾರೆ, ನಾವು ಕೊಯ್ನೆಯ ಬಾಗಿಲು ಅನ್ನುತ್ತೇವೆ. 2019ರ ನಂತರ ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡ್ನೇರೆ ಸಮಿತಿ ಆಲಮಟ್ಟಿ ಕಾರಣವಲ್ಲ ಅಂತ ವರದಿ ಕೊಟ್ಟಿತು. ಜಗಳ ನಿಂತಿಲ್ಲ. ಗುಡ್ಡದ ನೀರು ಬಯಲಿಗೆ ಬಂದು ಕಾಡುವುದು ನಮ್ಮಲ್ಲಷ್ಟೇ ಅಲ್ಲ. ಆಲ್ಪ್ಸ್‌ನಲ್ಲಿ ಹುಟ್ಟುವ ರೈನ್ ನದಿ ಕೊನೆಗೆ ಸೇರುವುದು ಸಪಾಟಾದ ನೆದರ್‌ಲ್ಯಾಂಡ್ಸ್‌ಗೆ. 1995ರಲ್ಲಿ ಅಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಟ್ಟು ಹೊರಡಬೇಕಾಯಿತು. ಆಮೇಲೆ ಆ ದೇಶದವರು ಕೆಲವು ಕಡೆ ಒಡ್ಡನ್ನೇ ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಟ್ಟುಕೊಟ್ಟರು. ನಾವು ಹೊಳೆಯ ಹೊಟ್ಟೆಯೊಳಗೇ ಕಬ್ಬು ನೆಟ್ಟಿದ್ದೇವೆ. 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಬಂದಾಗಿನಿಂದ ಕಬ್ಬು ದಂಡೆ ಬಿಟ್ಟು ಕದಲಿಲ್ಲ. ಅತಿ ನೀರು ಹಾಯಿಸಿ ಹಾಯಿಸಿ ಎರೆಭೂಮಿ ಎಷ್ಟೋ ಕಡೆ ಸವಳು-ಜವಳಾಗಿದೆ. ಬೇಸಗೆಯಲ್ಲಿ ಆ ಹೊಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಮಹಾಬಳೇಶ್ವರವನ್ನು ಬೈಯುವ ಹಾಗಿಲ್ಲ.

ಇದೇ ಸೀಮೆಯ ಮೂಡಣಕ್ಕೆ, ಮದಭಾವಿ, ಅನಂತಪುರದ ಕಡೆ ಹೋದರೆ ಬೇರೆಯೇ ದೇಶ. ಕಲ್ಲು, ಜಾಲಿ, ದ್ರಾಕ್ಷಿ ತೋಟಕ್ಕೆ ಟ್ಯಾಂಕರಿನಲ್ಲಿ ನೀರು. ಅಲ್ಲಿನ ಬೀಗರು ನಮ್ಮ ಮಹಾಪೂರದ ಸುದ್ದಿ ಕೇಳಿ ಅಯ್ಯೋ ಅನ್ನುತ್ತಾರೆ, ಆದರೆ ಆ ಅಯ್ಯೋದೊಳಗೆ ತುಸು ಹೊಟ್ಟೆಕಿಚ್ಚೂ ಇರುತ್ತದೆ. ಬಸವೇಶ್ವರ ಏತ ನೀರಾವರಿಯ ಪೈಪಿನ ಕಡೆ ಅವರು ನೋಡುತ್ತ ಕೂತದ್ದು ಎಷ್ಟೋ ವರ್ಷದಿಂದ.

ಏಪ್ರಿಲ್, ಮೇ ಬಂದರೆ ಹೊಳೆಸಾಲಿನವರ ಜಂಬವೂ ಇಳಿಯುತ್ತದೆ. ಕೊಯ್ನೆಯ ನೀರಿನಲ್ಲಿ ದೊಡ್ಡ ಪಾಲನ್ನು ವಿದ್ಯುತ್ತಿಗಾಗಿ ಗುಡ್ಡದ ಸುರಂಗದೊಳಗಿಂದ ಪಡುವಣ ಸಮುದ್ರದ ಕಡೆಗೆ ಇಳಿಸುತ್ತಾರೆ. ಆ ಪಾಲು ಮತ್ತೆ ಕೃಷ್ಣೆಗೆ ಬರುವುದಿಲ್ಲ. ಪಾತ್ರದಲ್ಲಿ ಮಡುಗಳಷ್ಟೇ ಉಳಿದು, ಪಂಪ್‌ಸೆಟ್ಟಿನವರು ಪೈಪಿಗೆ ಪೈಪು ಜೋಡಿಸುತ್ತ ನೀರಿನ ಬೆನ್ನು ಹತ್ತುತ್ತಾರೆ. ಬೆಂಗಳೂರಿನಿಂದ ಮುಂಬಯಿಗೆ ಪತ್ರ ಹೋಗುತ್ತದೆ, ಕುಡಿಯಲು ಒಂದೆರಡು ಟಿಎಂಸಿ ಬಿಡಿ ಅಂತ. ‘ಕೊಯ್ನಾ ಬಿಟ್ಟಾರೇನೋ?’ ಅಂತ ಅಜ್ಜ ಆಗಲೂ ಕೇಳುತ್ತಾನೆ.

‘ಬಿಟ್ಟಾರಂತ ಅಜ್ಜಾ.’

‘ಬಿಟ್ಟರ ಏನಾತು, ಸಾಂಗಲಿ ದಾಟೂದ್ರಾಗ ಅರ್ಧಾ ಅವರ ಮೋಟಾರ ಕುಡಿತಾವು. ಉಳದದ್ದ ರಾಜಾಪುರ ಬ್ಯಾರೇಜ ದಾಟಿ ಬಂತಂದ್ರ ನಮ್ಮ ಪೈಪ ಕೆಳಗ ಬಿಡ್ರಿ, ಶಿರಗುಪ್ಪಿಯವರು ಬಿಡೂದ್ರಾಗ.’